ಮುಂದಿನ ಟ್ಯಾಂಕಿನಲ್ಲಿ ಕೂತ ಜನರಲ್

ಪ್ರೀತಿಯ ಪುಟ್ಟಿ,

ಮೊನ್ನೆ ನೀನು ಸೈನ್ಯದ ಅಧಿಕಾರಿಯಾಗಲು ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಬರೆಯುತ್ತೇನೆ ಅಂದಾಗ ನಾನು ಏನೂ ಹೇಳದೆ ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಟ್ಟೆ. ನಿನಗೆ ಬೇಸರವಾಗಿರಬೇಕು. ಅದು ಕೋಪ ಅಲ್ಲ ಮಗಳೇ, ಹೆದರಿಕೆ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಏಳನೇ ಕ್ಲಾಸಿನಲ್ಲಿದ್ದಾಗ ಪಾಣತ್ತೂರಿನ ದಾರಿಯಾಗಿ ಮಡಿಕೇರಿಗೆ ಹೋಗಿದ್ದೆವು, ನೆನಪಿದೆಯಾ? ಕರಿಕೆಯ ತಿರುವುಗಳಲ್ಲಿ ನಿನಗೆ ಎರಡು ಸಲ ವಾಂತಿ. ಆದರೂ ಸನ್ನಿ ಸೈಡ್ ಮನೆಯೊಳಗೆ ಹೋದ ಮೇಲೆ ನಿನ್ನನ್ನು ಹೊರಗೆ ಕರೆತರಲು ಸಾಕುಸಾಕಾಯಿತು. ಜನರಲ್ ತಿಮ್ಮಯ್ಯನವರ ಮನೆ, ಈಗ ಮ್ಯೂಸಿಯಂ. ಹೊರಗೆ ಬಂದವಳು ಕೇಳಿದ್ದೆ, "ಜನರಲ್ ಅಂದ್ರೆ ಹಿಂದೆ ಕೂತು ಆರ್ಡರ್ ಕೊಡೋರಲ್ವಾ ಅಪ್ಪ?" ನಾನು ಹೂಂ ಅಂದಿದ್ದೆ. ತಪ್ಪು ಹೇಳಿದ್ದೆ. ಈ ವಾರ ಅವರ ಬಗ್ಗೆ ಓದುತ್ತಾ ಕೂತಾಗ ಗೊತ್ತಾಯಿತು.

1948ರ ಮೇ ತಿಂಗಳು, ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ಯುದ್ಧ. ಲಡಾಖಿನ ಲೇಹ್ ಶತ್ರುಗಳ ಕೈಗೆ ಹೋಗುವುದರಲ್ಲಿತ್ತು. ಅಲ್ಲಿಗೆ ಅದುವರೆಗೆ ವಿಮಾನವೇ ಇಳಿದಿರಲಿಲ್ಲ. ವಾಯುಸೇನೆಯ ಮೆಹರ್ ಸಿಂಗ್ ಮೊದಲ ಡಕೋಟಾ ವಿಮಾನ ಹಾರಿಸಿದಾಗ ಅದರಲ್ಲಿ ತಿಮ್ಮಯ್ಯ ಕೂತಿದ್ದರು. ಆಗಲೇ ಅವರು ಮೇಜರ್ ಜನರಲ್. ಬೇರೆ ಯಾರನ್ನಾದರೂ ಕಳಿಸಬಹುದಿತ್ತು, ಅಲ್ವಾ?

ಅದೇ ವರ್ಷ ಜೋಜಿ ಲಾ. ಕಾಶ್ಮೀರದಿಂದ ಲಡಾಖಿಗೆ ಹೋಗುವ, ಸುಮಾರು 11,500 ಅಡಿ ಎತ್ತರದ ಕಣಿವೆದಾರಿ. ಮೇಲೆ ಬಂಡೆಗಳ ನಡುವೆ ಶತ್ರುಗಳು. ಕಾಲಾಳುಗಳು ಹತ್ತಲು ನೋಡಿದರು, ಆಗಲಿಲ್ಲ. ಆಗ ತಿಮ್ಮಯ್ಯ ಟ್ಯಾಂಕ್ ತರಿಸಿದರು. ಯಾರಿಗೂ ಸುಳಿವು ಸಿಗಬಾರದೆಂದು ಟ್ಯಾಂಕುಗಳ ಮೇಲಿನ ಗೋಪುರ ಕಳಚಿ, ಟಾರ್ಪಾಲು ಹೊದಿಸಿ, ಜಮ್ಮುವಿನಿಂದ ಸಾಗಿಸಿದರು. ಹೇಸರಗತ್ತೆ ನಡೆಯುವ ಹಾದಿಯನ್ನು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಅಗೆದು ಅಗಲ ಮಾಡಿದರು. ನಮ್ಮ ಗುಡ್ಡದ ತೋಟಕ್ಕೆ ಜೀಪು ಹೋಗುವಷ್ಟು ದಾರಿ ಮಾಡಲು ಎಷ್ಟು ದಿನ ಬೇಕಾಯಿತು ನೋಡಿದ್ದೀಯಲ್ಲ. ಅವರು ಆ ಚಳಿಯಲ್ಲಿ ಟ್ಯಾಂಕಿಗೆ ದಾರಿ ಕಡಿದರು. ನವೆಂಬರ್ 1ರಂದು ಟ್ಯಾಂಕುಗಳು ಏರಿದವು, ಎಲ್ಲಕ್ಕಿಂತ ಮುಂದಿನದರಲ್ಲಿ ತಿಮ್ಮಯ್ಯ. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರುತ್ತದೆಂದು ಎದುರಿನವರು ಕನಸಲ್ಲೂ ಎಣಿಸಿರಲಿಲ್ಲ. ಆ ತಿಂಗಳಲ್ಲೇ ದ್ರಾಸ್, ಕಾರ್ಗಿಲ್ ಎರಡೂ ವಾಪಸ್ ಬಂದವು.

ಆಮೇಲೆ, ಯುದ್ಧ ನಿಂತ ಕೊರಿಯಾ. ಊರಿಗೆ ಹೋಗಲೊಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಜವಾಬ್ದಾರಿ ಹೊತ್ತ ಆಯೋಗಕ್ಕೆ ಅವರೇ ಅಧ್ಯಕ್ಷರು. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಸರಿಬಾರದೆ ರಾಜೀನಾಮೆ ಕೊಟ್ಟರು. ನೆಹರೂ ಮಾತಿಗೆ ವಾಪಸ್ ತೆಗೆದುಕೊಂಡರು. ಅಲ್ಲಿ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಗಟ್ಟಿಯಾಗಿ ನಿಲ್ಲಬೇಕಿತ್ತು ಅನ್ನಿಸುತ್ತದೆ.

1965ರ ಡಿಸೆಂಬರಿನಲ್ಲಿ ಸೈಪ್ರಸ್ಸಿನಲ್ಲಿ, ವಿಶ್ವಸಂಸ್ಥೆಯ ಪಡೆಯ ಕಮಾಂಡರ್ ಆಗಿದ್ದಾಗಲೇ ತೀರಿಕೊಂಡರು. ವಯಸ್ಸು 59. ಮಡಿಕೇರಿಯಿಂದ ಎಷ್ಟು ದೂರ! ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ನನ್ನ ಹೆದರಿಕೆ ಅದೇ ಪುಟ್ಟಿ, ಸುಮ್ನೆ ಮುಚ್ಚಿಡುವುದಿಲ್ಲ.

ಎನ್‌ಡಿಎಯೊಳಗೆ ಹುಡುಗಿಯರು ಕಾಲಿಟ್ಟದ್ದೇ 2022ರಲ್ಲಿ. ನೀನೂ ಮುಂದಿನ ಸಾಲಿನಲ್ಲೇ ಕೂರಲು ಹೊರಟವಳು.

ನಿನ್ನ ಹತ್ತನೇ ಕ್ಲಾಸಿನ ಸರ್ಟಿಫಿಕೇಟು ಬೀರುವಿನಿಂದ ತೆಗೆದಿಟ್ಟಿದ್ದೇನೆ. ಶನಿವಾರ ಅಡಿಕೆ ಕೊಡಲು ಪೇಟೆಗೆ ಬರುವಾಗ ತರುತ್ತೇನೆ. ಓಡಲು ಶೂ ಬೇಕಲ್ವಾ? ಅಳತೆ ಅಮ್ಮನಿಗೆ ಹೇಳು.

ನಿನ್ನ ಅಪ್ಪ