ಎರಡನೇ ಹೆರಿಗೆ ಸಲೀಸು ಅನ್ನುವವರಿಗೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಒಂದು ಸುದ್ದಿ ಬರುತ್ತಿರುತ್ತದೆ. '108 ಆಂಬುಲೆನ್ಸಿನಲ್ಲೇ ಹೆರಿಗೆ, ತಾಯಿ ಮಗು ಕ್ಷೇಮ' ಅಂತ. ಕೆಳಗೆ ಸಿಬ್ಬಂದಿ ಮಗುವನ್ನು ಎತ್ತಿಕೊಂಡು ನಿಂತ ಫೋಟೊ. ಯಾವ ಊರು, ಯಾವ ತಿರುವು, ಚಾಲಕರ ಹೆಸರೇನು, ಗಂಡೋ ಹೆಣ್ಣೋ, ಎಲ್ಲ ಇರುತ್ತದೆ. ಅದು ಆ ತಾಯಿಗೆ ಎಷ್ಟನೇ ಹೆರಿಗೆ ಅನ್ನುವುದು ಮಾತ್ರ ಇರುವುದಿಲ್ಲ. ನಾನು ಈಗ ಅಂಥ ಸುದ್ದಿ ಕಂಡರೆ ಮೊದಲು ಹುಡುಕುವುದು ಅದನ್ನೇ.

ಯಾಕೆಂದರೆ ನನ್ನ ಎರಡನೆಯವನೂ ದಾರಿಯಲ್ಲೇ ಹುಟ್ಟಬೇಕಿತ್ತು. ಹನ್ನೊಂದು ನಿಮಿಷದಲ್ಲಿ ತಪ್ಪಿತು.

ಮೊದಲನೆಯವಳು ಹುಟ್ಟಿದ್ದು ಕುಮಟಾದಲ್ಲಿ. ಚೊಚ್ಚಲು ಅಲ್ವಾ, ಪದ್ಧತಿಯಂತೆ ತವರಿನಲ್ಲಿ ಆಗಬೇಕು. ಸೀಮಂತ ಮುಗಿಸಿ ಘಟ್ಟ ಇಳಿದವಳನ್ನು ಆಯಿ ಒಂದು ಕೊಡ ನೀರು ಎತ್ತಲೂ ಬಿಡಲಿಲ್ಲ. ಮನೆಯಿಂದ ಆಸ್ಪತ್ರೆಗೆ ರಿಕ್ಷಾದಲ್ಲಿ ಹತ್ತು ನಿಮಿಷ. ಒಂದು ಸಂಜೆ ಆರು ಗಂಟೆಗೆ ನೋವು ಶುರುವಾಯಿತು, ಏಳೂವರೆಗೆ ಆಸ್ಪತ್ರೆಯಲ್ಲಿದ್ದೆವು, ಒಂಬತ್ತಕ್ಕೆ ವಾಪಸ್ ಮನೆಯಲ್ಲಿದ್ದೆವು. 'ಗರ್ಭಕೋಶದ ಬಾಯಿ ಒಂದು ಬೆರಳೂ ಬಿಟ್ಟಿಲ್ಲ, ಇಷ್ಟಕ್ಕೇ ಓಡಿ ಬಂದರೆ ಹೇಗಮ್ಮ' ಅಂತ ಅಲ್ಲಿ ಒಬ್ಬರು ಎಲ್ಲರೆದುರು ನಕ್ಕರು. ಮಗಳ ಹುಟ್ಟಿದ ತೂಕ ಎಷ್ಟು ಅಂತ ಕೇಳಿದರೆ ಕಾರ್ಡು ನೋಡಬೇಕು, ಆ ನಗು ಮಾತ್ರ ಹಾಗೇ ನೆನಪಿದೆ. ರಾತ್ರಿಯಿಡೀ ಜಗಲಿಯ ಈ ಕಡೆಯಿಂದ ಆ ಕಡೆ ನಡೆದೆ. ಬೆಳಿಗ್ಗೆ ಮತ್ತೆ ಹೋದೆವು. ಮಗಳು ಹುಟ್ಟಿದಾಗ ಸಂಜೆ ನಾಲ್ಕು ದಾಟಿತ್ತು. ಒಟ್ಟು 22 ತಾಸು, ಅದರಲ್ಲಿ ಮುಕ್ಕಿದ್ದೇ ಒಂದೂವರೆ ತಾಸು. ಹೊಲಿಗೆ ಬೇರೆ.

ಇದರಿಂದ ನಾನು ಕಲಿತ ಪಾಠ ಏನೆಂದರೆ, ನೋವು ಬಂದ ಕೂಡಲೇ ಓಡಬಾರದು, ನಗೆಪಾಟಲಾಗುತ್ತದೆ. ಅದು ತಪ್ಪು ಪಾಠ ಅಂತ ಗೊತ್ತಾಗಲು ಐದು ವರ್ಷ ಬೇಕಾಯಿತು.

ಎರಡನೆಯದಕ್ಕೆ ತವರಿಗೆ ಹೋಗಲಿಲ್ಲ. ನಮ್ಮಲ್ಲಿ ಆ ಪದ್ಧತಿಯೂ ಇಲ್ಲ ಬಿಡಿ. ಮಗಳಿಗೆ ಶಾಲೆ ಶುರುವಾಗಿತ್ತು, ತೋಟದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಸಮಯ, ಮರ ಹತ್ತುವ ಕೊನೆಗೌಡರಿಗೆ ಚಹಾ ತಿಂಡಿ ಆಗಬೇಕು, ನಾನು ಹೋದರೆ ಮನೆ ನಡೆಯಬೇಕಲ್ಲ. ನಮ್ಮ ಮನೆ ಇರುವುದು ಶಿರಸಿ-ಕುಮಟಾ ರಸ್ತೆಯಿಂದ ಒಳಗೆ. ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಜುಲೈ ಮಳೆ ಹಿಡಿದರೆ ಮೊದಲು ಕರೆಂಟು ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಅದರ ಹಿಂದೆಯೇ ಟವರೂ ಹೋಗುತ್ತದೆ. ಫೋನು ಮಾಡಬೇಕೆಂದರೆ ಮನೆ ಹಿಂದಿನ ಗುಡ್ಡ ಹತ್ತಬೇಕು.

ಆ ರಾತ್ರಿ ಎರಡು ಗಂಟೆಗೆ ಸೊಂಟ ಹಿಡಿದ ಹಾಗಾಗಿ ಎಚ್ಚರವಾಯಿತು. ವಾಯು ಇರಬೇಕು ಅಂತ ಜೀರಿಗೆ ಕಷಾಯ ಮಾಡಿಕೊಂಡು ಕುಡಿದೆ. ಮೂರರ ಹೊತ್ತಿಗೆ ಐದಾರು ನಿಮಿಷಕ್ಕೊಮ್ಮೆ ನೋವು. ಅತ್ತೆಯನ್ನು ಎಬ್ಬಿಸಿದೆ. ಅವರು ನನ್ನ ಹೊಟ್ಟೆ ನೋಡಿ, ಇನ್ನೂ ಕೆಳಗೆ ಇಳಿದೇ ಇಲ್ಲ ಅಂದರು. 'ಅಡ್ಡಿಲ್ಲೆ, ಇನ್ನೂ ಟೈಮಿದ್ದು.' ಅವರನ್ನು ದೂರುತ್ತಿಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಸಲ ಒಂದು ರಾತ್ರಿ ಪೂರ್ತಿ ಮತ್ತು ಒಂದು ಹಗಲು ಆಗಿತ್ತಲ್ಲ, ಈಗ ಅರ್ಧ ಆದರೂ ಹನ್ನೊಂದು ತಾಸು ಅಂತ ಲೆಕ್ಕ ಹಾಕಿ, ಬೆಳಕು ಹರಿಯಲಿ ಅಂತ ಟಾರ್ಚು ಹಿಡಿದು ಮಗಳ ಶಾಲೆಯ ಚೀಲ ಜೋಡಿಸುತ್ತ ಕೂತಿದ್ದೆ. ಮಲಗಿದ ಮಗುವನ್ನು ಎಬ್ಬಿಸಿ ಅಳಿಸಿ ಹೊರಡುವುದು ಯಾಕೆ ಅಂತ. ಚೊಚ್ಚಲಿನವಳಿಗೆ ಈ ತಾಪತ್ರಯ ಇಲ್ಲ ನೋಡಿ, ಚೀಲ ಎತ್ತಿಕೊಂಡು ಹೊರಟರಾಯಿತು.

ಮೂರೂ ಮುಕ್ಕಾಲಿಗೆ ನೀರು ಹೋಯಿತು. ಆಮೇಲೆ ನಡೆದದ್ದು ನನಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ಇವರು ಗುಡ್ಡ ಹತ್ತಿ 108ಕ್ಕೆ ಫೋನು ಮಾಡಿದ್ದು, ಗಾಡಿ ಇನ್ನೊಂದು ಕೇಸಿಗೆ ಹೋಗಿದೆ, ಬರುವುದು ತಡವಾಗುತ್ತದೆ ಅಂತ ಗೊತ್ತಾಗಿದ್ದು, ಪಕ್ಕದ ಮನೆ ಭಾವ ಪಂಚೆಯಲ್ಲೇ ಓಡಿ ಬಂದು ಓಮ್ನಿ ಹೊರಡಿಸಿದ್ದು, ಕೆಸರಿನಲ್ಲಿ ಚಕ್ರ ಕೂತಾಗ ಇಬ್ಬರೂ ಇಳಿದು ನೂಕಿದ್ದು. ನಾನು ಹಿಂದಿನ ಸೀಟಿನಲ್ಲಿ ಅತ್ತೆಯ ಕೈ ಹಿಡಿದು ಮುಕ್ಕಬಾರದು ಮುಕ್ಕಬಾರದು ಅಂತ ಹಲ್ಲು ಕಚ್ಚಿಕೊಂಡಿದ್ದೆ. ಆರೋಗ್ಯ ಕೇಂದ್ರ ಮುಟ್ಟಿದಾಗ ಐದಕ್ಕೆ ಹನ್ನೊಂದು ನಿಮಿಷ ಇತ್ತು. ಐದಕ್ಕೆ ಸರಿಯಾಗಿ ಮಗ ಹುಟ್ಟಿದ. ಆ ಹೊತ್ತಿನಲ್ಲಿ ಅಲ್ಲಿದ್ದ ನರ್ಸಮ್ಮ ಒಬ್ಬರೇ, ಬಾಗಿಲು ತೆಗೆದವರೂ ಅವರೇ, ಮಗು ಹಿಡಿದವರೂ ಅವರೇ. ಅವರ ಉಪಕಾರ ಯಾವತ್ತೂ ಮರೆಯುವುದಿಲ್ಲ.

ಈಗ ಎಲ್ಲರೂ ಕೇಳುವುದು, 'ಎರಡನೆಯದು ಸಲೀಸಾಯ್ತಂತಲ್ಲ, ಮೂರೇ ತಾಸಂತೆ?' ಹೌದು, ಮೂರೇ ತಾಸು. ಆದರೆ ಬೇಗ ಆಗುವುದಕ್ಕೂ ಸಲೀಸಾಗುವುದಕ್ಕೂ ವ್ಯತ್ಯಾಸ ಇದೆ ಮಾರಾಯ್ರೇ. ಮೊದಲನೆಯದು ದೇವಿಮನೆ ಘಟ್ಟವನ್ನು ನಡೆದುಕೊಂಡು ಹತ್ತಿದ ಹಾಗೆ, ಸುಸ್ತು, ಆದರೆ ನಡುವೆ ಕೂರಬಹುದು, ಒಂದು ಗುಟುಕು ನೀರು ಕುಡಿಯಬಹುದು. ಎರಡನೆಯದು ಅದೇ ಘಟ್ಟವನ್ನು ಬ್ರೇಕಿಲ್ಲದ ಗಾಡಿಯಲ್ಲಿ ಇಳಿದ ಹಾಗೆ. ಒಂದು ನೋವು ಮುಗಿಯುವ ಮೊದಲೇ ಇನ್ನೊಂದು ಬಂದು ಕೂತಿರುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಕೊನೆಯ ಭಾಗ ನಿಜಕ್ಕೂ ಹಗುರ. ನಾಲ್ಕೈದು ಸಲ ಮುಕ್ಕಿದ್ದಷ್ಟೇ, ಹೊಲಿಗೆ ಬೀಳಲಿಲ್ಲ, ಬೆಳಕು ಹರಿಯುವಾಗ ಎದ್ದು ಕೂತು ಚಹಾ ಕುಡಿದೆ. ಮೊದಲ ಸಲ ಮೂರು ದಿನ ಸರಿಯಾಗಿ ಕೂರಲೂ ಆಗಿರಲಿಲ್ಲ.

ಆಮೇಲಿನ ಹೊಟ್ಟೆನೋವಿನ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ. ಮಗ ಮೊಲೆಗೆ ಬಾಯಿ ಹಾಕಿದರೆ ಸಾಕು, ಮತ್ತೆ ಹೆರಿಗೆ ಶುರುವಾಯಿತೇನೋ ಅನ್ನುವ ಹಾಗೆ ಹೊಟ್ಟೆ ಹಿಂಡುತ್ತಿತ್ತು. ಆಮೇಲೆ ಸೇರಿಸಿದ ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಹೇಳಿಕೊಂಡರೆ, 'ಎರಡನೆಯದಕ್ಕೂ ಇಷ್ಟು ಕೂಗ್ತೀಯಲ್ಲ' ಅಂದರು. ಎರಡನೆಯದು ಅಂತಲೇ ಕೂಗಿದ್ದು! ಮಗು ಹಾಲು ಕುಡಿಯುವಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬರುತ್ತದೆ, ಅದು ಗರ್ಭಕೋಶವನ್ನು ಕುಗ್ಗಿಸುತ್ತದೆ. ಮೊದಲ ಹೆರಿಗೆಯಲ್ಲಿ ಗರ್ಭಕೋಶ ಬಿಗಿಯಾಗಿದ್ದು ಒಂದೇ ಹಿಡಿತದಲ್ಲಿ ಕುಗ್ಗಿಕೊಳ್ಳುತ್ತದೆ, ಎರಡನೆಯದರಲ್ಲಿ ಸಡಿಲ, ಬಿಟ್ಟು ಬಿಟ್ಟು ಹಿಂಡುತ್ತದೆ. ಹೆರಿಗೆ ಹೆಚ್ಚಾದಷ್ಟೂ ಈ ನೋವೂ ಜಾಸ್ತಿ. ಎರಡು ಮೂರು ದಿನದಲ್ಲಿ ತಾನಾಗಿ ಇಳಿಯುತ್ತದೆ, ಮಾತ್ರೆಯೂ ಉಂಟು. ಇದನ್ನು ಒಬ್ಬರು ಒಂದು ಮಾತು ಮೊದಲೇ ಹೇಳಿದ್ದರೆ ನಾನು ಏನೋ ಹರಿದೇ ಹೋಗಿದೆ ಅಂತ ಹೆದರುತ್ತಿರಲಿಲ್ಲ.

ಇನ್ನು ಆ 'ಹೊಟ್ಟೆ ಇಳಿಯುವ' ಲೆಕ್ಕ. ಚೊಚ್ಚಲಿನಲ್ಲಿ ಹೆಚ್ಚಿನವರಿಗೆ ಕೊನೆಯ ವಾರಗಳಲ್ಲೇ ಮಗುವಿನ ತಲೆ ಕೆಳಗೆ ಬಂದು ಕೂರುತ್ತದೆ. ಎರಡನೆಯದರಲ್ಲಿ ಎಷ್ಟೋ ಸಲ ನೋವು ಶುರುವಾದ ಮೇಲೇ ಇಳಿಯುವುದು. ಹಾಗಾಗಿ ಹೊಟ್ಟೆ ಇಳಿದಿಲ್ಲ, ಟೈಮಿದೆ ಅನ್ನುವ ಅಜ್ಜಿಯರ ಮಾತು ಮೊದಲನೆಯದಕ್ಕೆ ಸರಿ, ಎರಡನೆಯದಕ್ಕೆ ನಂಬುವ ಹಾಗಿಲ್ಲ. ಗರ್ಭಕೋಶದ ಬಾಯಿಯದೂ ಹಾಗೇ. ಮೊದಲ ಸಲ ಅದು ಮೊದಲು ತೆಳ್ಳಗಾಗಿ ಆಮೇಲೆ ತೆರೆಯುತ್ತದೆ, ಅದಕ್ಕೇ ಆ ಕಾಯುವಿಕೆ. ಎರಡನೇ ಸಲ ಎರಡೂ ಒಟ್ಟೊಟ್ಟಿಗೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ ಪ್ರಕಾರ, ಬಾಯಿ 5 ಸೆಂಟಿಮೀಟರ್ ತೆರೆದ ಮೇಲಿನ ಜೋರು ನೋವಿನ ಹಂತ ಮೊದಲ ಹೆರಿಗೆಯಲ್ಲಿ ಸಾಮಾನ್ಯವಾಗಿ 12 ತಾಸು ದಾಟುವುದಿಲ್ಲ, ಮುಂದಿನವುಗಳಲ್ಲಿ 10 ತಾಸು. ಬಾಯಿ ಪೂರ್ತಿ ತೆರೆದ ಮೇಲೆ ಮಗು ಹೊರಬರಲು ಮೊದಲನೆಯದಕ್ಕೆ ಮೂರು ತಾಸಿನವರೆಗೆ, ಆಮೇಲಿನವಕ್ಕೆ ಎರಡರವರೆಗೆ. ಇದು ಹೆಚ್ಚೆಂದರೆ ಇಷ್ಟು ಅನ್ನುವ ಲೆಕ್ಕ, ಇದನ್ನು ನೋಡಿ ಹತ್ತು ತಾಸು ಇದೆ ಅಂತ ಕೂರಬೇಡಿ. ನನ್ನದು ಎಲ್ಲ ಸೇರಿ ಮೂರರಲ್ಲಿ ಮುಗಿಯಿತು.

ಎಲ್ಲರಿಗೂ ಬೇಗ ಆಗುತ್ತದೆ ಅಂತಲೂ ಅಲ್ಲ. ಅಂಕೋಲಾದಲ್ಲಿರುವ ನನ್ನ ಗೆಳತಿಯೊಬ್ಬಳಿಗೆ ಮಗು ಮುಖ ಮೇಲೆ ಮಾಡಿ ಕೂತಿತ್ತು, ಅವಳಿಗೆ ಮೊದಲನೆಯದಕ್ಕಿಂತ ಎರಡನೆಯದೇ ಉದ್ದ. ಇನ್ನು ಮೊದಲನೆಯದು ಸಿಸೇರಿಯನ್ ಆಗಿದ್ದರೆ, ಅದರಲ್ಲೂ ನೋವೇ ಬರದೆ ಆಗಿದ್ದರೆ, ಎರಡನೆಯದೂ ಮೈಗೆ ಚೊಚ್ಚಲೇ. ಅಂಥವರಲ್ಲಿ ತುಂಬ ಜನ ಎರಡನೆಯದಕ್ಕೆ ಸಹಜವಾಗಿ ಹೆರಬಹುದು, ಆದರೆ ಗರ್ಭಕೋಶದ ಹಳೆಯ ಹೊಲಿಗೆ ಬಿಡುವ ಅಪಾಯ ಸುಮಾರು 200ರಲ್ಲಿ ಒಬ್ಬರಿಗೆ ಇರುತ್ತದೆ. ಆಪರೇಷನ್ ಥಿಯೇಟರ್ ಇಲ್ಲದ ಕಡೆ ಆ ಪ್ರಯತ್ನ ಬೇಡವೇ ಬೇಡ.

ನನಗೆ ಸಿಟ್ಟು ಬರುವುದು ಎಲ್ಲಿ ಅಂದರೆ, ನಿಧಾನಕ್ಕೆ ಆಗುವ ಹೆರಿಗೆಗೆ ನಮ್ಮನ್ನು ತವರಿಗೆ ಕಳಿಸಿ ಆಸ್ಪತ್ರೆಯ ಬಾಗಿಲಲ್ಲೇ ಇರಿಸುತ್ತಾರೆ, ಕ್ಷಣದಲ್ಲಿ ಆಗಿಬಿಡುವ ಹೆರಿಗೆಗೆ ಕಾಡಿನ ನಡುವೆ ಬಿಡುತ್ತಾರೆ. ಒಬ್ಬರ ತಪ್ಪಲ್ಲ, ಪದ್ಧತಿಯೇ ಹಾಗೆ ಬಂದಿದೆ. ಮೊದಲನೆಯದಕ್ಕೆ ಸೀಮಂತ, ಹಸಿರು ಬಳೆ, ಬಯಕೆ ಊಟ. ಎರಡನೆಯದಕ್ಕೆ 'ನಿಂಗೆ ಗೊತ್ತಿದ್ದಲೇ' ಅನ್ನುವ ಒಂದು ಮಾತು. ಸರಕಾರವೂ ಕಡಿಮೆ ಇಲ್ಲ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ ಮಾತ್ರ 6,000. ನನ್ನದು ಗಂಡು, ಹಾಗಾಗಿ ಸೊನ್ನೆ. ಹೆಣ್ಣುಮಗುವಿಗೆ ಕೊಡುವುದಕ್ಕೆ ನನ್ನ ತಕರಾರಿಲ್ಲ, ಆದರೆ ಹೆರುವ ನೋವಿಗೆ ಗಂಡು ಹೆಣ್ಣು ಅಂತ ಇದೆಯಾ?

ಆಂಬುಲೆನ್ಸ್ ಹೆರಿಗೆಯನ್ನು ನಾವೆಲ್ಲ ಚಂದದ ಸುದ್ದಿ ಹಾಗೆ ಓದುತ್ತೇವಲ್ಲ, ಅಲ್ಲಿ ಕೊನೇ ಪಕ್ಷ ತರಬೇತಿ ಆದವರು ಒಬ್ಬರಿರುತ್ತಾರೆ. ಓಮ್ನಿಯಲ್ಲಿ ಯಾರಿರುತ್ತಾರೆ? ಹೆರಿಗೆಯಾದ ಕೂಡಲೇ ಆಸ್ಪತ್ರೆಯಲ್ಲಿ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುತ್ತಾರೆ, ರಕ್ತ ಜಾಸ್ತಿ ಹೋಗದಿರಲಿ ಅಂತ. ರಸ್ತೆಯಲ್ಲಿ ಹೆತ್ತವಳಿಗೆ ಆ ಇಂಜೆಕ್ಷನ್ ಇಲ್ಲ, ಘಟ್ಟದ ಮಳೆಯಲ್ಲಿ ನೆನೆದ ಮಗು ಬೇರೆ ತಣ್ಣಗಾಗುತ್ತದೆ. ನಮಗೆ ಹಾಗೇನಾದರೂ ಆಗಿದ್ದರೆ ಅತ್ತೆ ಗಾಬರಿಯಲ್ಲಿ ಹೊಕ್ಕುಳಬಳ್ಳಿಯನ್ನು ಅಡಿಕೆ ಕತ್ತಿಯಲ್ಲೇ ಕೊಯ್ಯುತ್ತಿದ್ದರೋ ಏನೋ. ಬಳ್ಳಿ ಎಳೆಯಬಾರದು, ಕೊಯ್ಯಬಾರದು, ಮಗುವನ್ನು ಒಣ ಬಟ್ಟೆಯಲ್ಲಿ ಒರೆಸಿ ತಾಯಿಯ ಬರೀ ಎದೆಯ ಮೇಲೆ ಹಾಕಿ ಮೇಲಿಂದ ಹೊದೆಸಿ ಗಾಡಿ ಓಡಿಸುತ್ತಿರಬೇಕು ಅಂತ ನನಗೆ ಆಮೇಲೆ ಆ ನರ್ಸಮ್ಮ ಹೇಳಿದ್ದು. ಮೊದಲೇ ಹೇಳುವವರು ಇರಲಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸುಸಜ್ಜಿತ ತುರ್ತು ಆಸ್ಪತ್ರೆ ಬೇಕು ಅಂತ 2022ರಲ್ಲಿ ಎಲ್ಲರೂ ಕೂಗಿದ್ದು ನೆನಪಿರಬಹುದು. ಆ ಬೇಡಿಕೆ ಇರಲಿ, ನಾನೂ ಅದರ ಜೊತೆಗಿದ್ದೇನೆ. ಆದರೆ ಆಸ್ಪತ್ರೆ ಎಷ್ಟೇ ದೊಡ್ಡದಿದ್ದರೂ ನಮ್ಮ ಮನೆಯಿಂದ ಟಾರು ರಸ್ತೆಗೆ ಬರಬೇಕಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿಯೇ ದಿನಗಟ್ಟಲೆ ಬಂದಾಗಿತ್ತು, ಇನ್ನು ನಮ್ಮ ಮಣ್ಣು ರಸ್ತೆಯ ಪಾಡು ಕೇಳುವುದೇ ಬೇಡ.

ನಾನು ಕೇಳುವುದು ಇಷ್ಟೇ. ತಾಯಿ ಕಾರ್ಡಿನಲ್ಲಿ ನನ್ನ ಮೊದಲ ಹೆರಿಗೆಯ ಬಗ್ಗೆ 'ನಾರ್ಮಲ್' ಅಂತ ಒಂದು ಶಬ್ದ ಬರೆದಿದ್ದರು. ಎಷ್ಟು ತಾಸು ಹಿಡಿಯಿತು, ಈಗ ಇರುವ ಮನೆ ಎಷ್ಟು ದೂರ, ರಾತ್ರಿ ಗಾಡಿ ಯಾರದ್ದು, ದೊಡ್ಡ ಮಗುವನ್ನು ಯಾರ ಹತ್ತಿರ ಬಿಡುತ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ಪ್ರತಿ ತಿಂಗಳ 9ನೇ ತಾರೀಖು ಬಸುರಿಯರ ತಪಾಸಣೆ ನಡೆಯುತ್ತದಲ್ಲ, ಎಂಟು ತಿಂಗಳು ತುಂಬಿದ ಎರಡನೇ ಬಸುರಿಗೆ ಅಲ್ಲಿ ಈ ನಾಲ್ಕು ಪ್ರಶ್ನೆ ಕೇಳಲು ಎರಡು ನಿಮಿಷ ಸಾಕು. ಆಶಾ ಕಾರ್ಯಕರ್ತೆಯರಿಗೆ ಇನ್ನೊಂದು ಕೆಲಸ ಹೇರುವುದು ನನಗೂ ಇಷ್ಟವಿಲ್ಲ, ಅವರಿಗೆ ಕೊಡುವ ದುಡ್ಡಿಗೆ ಈಗಲೇ ಕೆಲಸ ಜಾಸ್ತಿ. ವೈದ್ಯರೇ ಕೇಳಲಿ. ಮಳೆಗಾಲದಲ್ಲಿ ದಿನ ತುಂಬುವವರು ಕೊನೆಯ ಎರಡು ವಾರ ಶಿರಸಿಯಲ್ಲೋ ಕುಮಟಾದಲ್ಲೋ ನೆಂಟರ ಮನೆಯಲ್ಲಿ ಇರುವುದಾದರೆ ಒಳ್ಳೆಯದು, ಅದಕ್ಕೆ ಅತ್ತೆ ಮಾವ ಮುಖ ಗಂಟು ಹಾಕಬಾರದು. ಹೋಗಿ ನೋಡಿ ಏನೂ ಇಲ್ಲ ಅಂತ ವಾಪಸ್ ಬಂದ ಬಸುರಿಯನ್ನು ನೋಡಿ ಆಸ್ಪತ್ರೆಯಲ್ಲಿ ದಯವಿಟ್ಟು ಯಾರೂ ನಗಬಾರದು.

ನಿಮ್ಮ ವರದಿಗಾರರಿಗೂ ಒಂದು ಮಾತು ಹೇಳಿ. ಮುಂದಿನ ಸಲ ಆಂಬುಲೆನ್ಸ್ ಹೆರಿಗೆಯ ಸುದ್ದಿ ಬಂದರೆ ಎಷ್ಟನೇ ಹೆರಿಗೆ, ನೋವು ಶುರುವಾಗಿದ್ದು ಯಾವಾಗ, ಮನೆ ಬಿಟ್ಟಿದ್ದು ಯಾವಾಗ, ಇಷ್ಟು ಕೇಳಿ ಬರೆಯಲಿ. ಚಾಲಕರ ಹೆಸರೂ ಇರಲಿ, ಬೇಡ ಅನ್ನುವುದಿಲ್ಲ. ನಮ್ಮ ಭಾವನ ಹೆಸರಂತೂ ಎಲ್ಲೂ ಬರಲಿಲ್ಲ, ಓಮ್ನಿಯ ಹಿಂದಿನ ಸೀಟು ಎರಡು ಸಲ ತೊಳೆದರೂ ಕಲೆ ಹೋಗಿಲ್ಲ ಅಂತ ಈಗಲೂ ನಗುತ್ತಿರುತ್ತಾರೆ.

ಇಂತಿ,
ಇಬ್ಬರು ಮಕ್ಕಳ ತಾಯಿ
ಶಿರಸಿ ತಾಲ್ಲೂಕು