ಗುಂಪಿಗೆ ಸೂಚನೆ: ಹದ್ದುಬಸ್ತಿಗೆ ರೋವರ್ ಬಂದಾಗ

ಎಲ್ಲರಿಗೂ ನಮಸ್ಕಾರ. ಹದ್ದುಬಸ್ತಿಗೆ, ಅಂದರೆ ಜಮೀನಿನ ಗಡಿ ಗುರುತಿಸಲು, ಸರ್ವೆಯವರು ತರುವ ರೋವರ್ ಅಂದರೆ ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಅಳೆಯುವ ಯಂತ್ರ. ಮೊಬೈಲ್ ಮ್ಯಾಪ್ ತೋರಿಸಿ ‘ನಿಮ್ಮ ಬದು ನಮ್ಮ ಕಡೆ ಬಂದಿದೆ’ ಅಂತ ಇಲ್ಲಿ ಸುಮ್ನೆ ಜಗಳ ಬೇಡ. ಮೊಬೈಲ್ ಜಿಪಿಎಸ್ 5 ಮೀಟರ್ ಆಚೀಚೆ ತೋರಿಸುವುದು ಮಾಮೂಲು. ನಮ್ಮ ಗುಂಟೆ ಅಂದರೆ 33 ಅಡಿಗೆ 33 ಅಡಿ. ಅದರಲ್ಲಿ 5 ಮೀಟರ್ ಸರಿದರೆ ಅರ್ಧ ಗುಂಟೆಯೇ ಹೋಯಿತು, ಅಲ್ವಾ?

ರೋವರ್ ಕಥೆ ಬೇರೆ. ಭಾರತೀಯ ಸರ್ವೇಕ್ಷಣಾ ಇಲಾಖೆ ದೇಶದ ಉದ್ದಗಲಕ್ಕೂ ಕಾರ್ಸ್ ಎಂಬ ಸ್ಥಿರ ಕೇಂದ್ರಗಳನ್ನು ಹಾಕಿದೆ. ಅವು ನಿಂತ ಜಾಗ ಕರಾರುವಾಕ್ಕಾಗಿ ಗೊತ್ತಿರುತ್ತದೆ. ಹಾಗಾಗಿ ಉಪಗ್ರಹದ ಸಿಗ್ನಲ್‌ನಲ್ಲಿ ಎಷ್ಟು ತಪ್ಪಿದೆ ಎಂದು ಲೆಕ್ಕ ಸಿಗುತ್ತದೆ. ಆ ತಿದ್ದುಪಡಿ ಇಂಟರ್ನೆಟ್ ಮೂಲಕ ಹೊಲದಲ್ಲಿರುವ ರೋವರ್‌ಗೆ ಬರುತ್ತದೆ. ತಪ್ಪು ಕೆಲವೇ ಸೆಂಟಿಮೀಟರ್‌ಗೆ ಇಳಿಯುತ್ತದೆ. ಸರಪಳಿ ಎಳೆದು ಅಳೆದವರಿಗೆ ಇದು ಜಾದೂ!

ಅಡಿಕೆ, ತೆಂಗಿನ ತೋಟದೊಳಗೆ ಸಿಗ್ನಲ್ ಸರಿಯಾಗಿ ಸಿಗದೇ ಇರಬಹುದು. ತಡವಾದರೆ ಸರ್ವೆಯವರ ಮೇಲೆ ರೇಗಬೇಡಿ. ಹಳೇ ಬಾಂದು ಕಲ್ಲು (ಗಡಿ ಕಲ್ಲು) ಕೀಳಬೇಡಿ, ಸುತ್ತಲಿನ ಪೊದೆ ಸವರಿಡಿ. ಯಂತ್ರ ಜಾಗ ತೋರಿಸುತ್ತದೆ, ಅದು ಯಾರದ್ದು ಅಂತ ಹೇಳುವುದಿಲ್ಲ. ಅದಕ್ಕೇ ಪಹಣಿ, ಹಳೇ ಟಿಪ್ಪಣಿಯ (ಸರ್ವೆ ಅಳತೆಯ ನಕ್ಷೆಯ) ಪ್ರತಿ ಕೈಯಲ್ಲಿರಲಿ. ಪಕ್ಕದ ಹೊಲದವರಿಗೂ ಮೊದಲೇ ತಿಳಿಸಿ.