ಆಂದಲೂಸಿಯಾಕ್ಕೆ ಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಪಟ್ಟಿ ನೋಡಿದೆ. ಆರು ದಿನಕ್ಕೆ ಒಂಬತ್ತು ಊರು! ಸ್ಪೇನಿನ ಆಂದಲೂಸಿಯಾ ನಮ್ಮ ಕರ್ನಾಟಕದ ಅರ್ಧದಷ್ಟೂ ಇಲ್ಲ, ನಿಜ. ಹಾಗಂತ ಓಡಿ ಮುಗಿಸುವ ಜಾಗವಲ್ಲ ಅದು. ಮೂರು ಊರು ಇಟ್ಟುಕೋ: ಮೊದಲು ಕೋರ್ಡೊಬಾ, ಆಮೇಲೆ ಸೆವಿಲ್, ಕೊನೆಗೆ ಗ್ರನಾಡಾ. ಈ ಕ್ರಮ ಮಾತ್ರ ತಪ್ಪಿಸಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕಿಂತ ಮೊದಲು ತಿಂಗಳ ಮಾತು. ಆಗಸ್ಟ್ ಬೇಡವೇ ಬೇಡ. ಕೋರ್ಡೊಬಾ, ಸೆವಿಲ್ ಎರಡೂ ಗ್ವಾದಲ್ಕಿವಿರ್ ನದಿಯ ಬಯಲಲ್ಲಿವೆ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ರಾಯಚೂರಲ್ಲಿ ಬೆಳೆದವಳು ನಾನು, ಬಿಸಿಲು ನನಗೇನು ಹೊಸದಾ ಅಂತ ವಾದ ಮಾಡಬೇಡ. ಊರಲ್ಲಿ ಮಧ್ಯಾಹ್ನ ಮನೆಯೊಳಗೆ ಇರುತ್ತಿದ್ದೆ. ಅಲ್ಲಿ ಕಲ್ಲು ಹಾಸಿದ ಬೀದಿಯಲ್ಲಿ ಇರುತ್ತೀಯ. ನಿನ್ನ ಕಾಲೇಜು ಶುರುವಾಗುವುದು ಅಕ್ಟೋಬರಿನಲ್ಲಿ ತಾನೇ? ಸೆಪ್ಟೆಂಬರ್ ಕೊನೆಗೆ ಹೋಗು.

ವಿಮಾನದಲ್ಲಿ ಮಾಲಗಾಕ್ಕೆ ಇಳಿ. ಅಲ್ಲಿಂದ ಕೋರ್ಡೊಬಾಕ್ಕೆ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿ ನೋಡಬೇಕಾದ್ದು ಮೆಸ್ಕೀತಾ. ಆಗ ಅಲ್ಲಿ ಆಳುತ್ತಿದ್ದ ಮುಸ್ಲಿಂ ದೊರೆಗಳು 785ರ ಹೊತ್ತಿಗೆ ಕಟ್ಟಲು ಶುರು ಮಾಡಿದ ಮಸೀದಿ. ಆಮೇಲೆ ಇನ್ನೂರು ವರ್ಷ ಬೆಳೆಯುತ್ತಲೇ ಹೋಯಿತು. ಒಳಗೆ ಎಂಟುನೂರಕ್ಕೂ ಹೆಚ್ಚು ಕಂಬ. ಹೋದ ಕೂಡಲೇ ಫೋಟೊ ತೆಗೆಯಬೇಡ. ಹಳೆಯ ಭಾಗದಲ್ಲಿ ಒಂದು ಕಂಬದ ಹತ್ತಿರ ನಿಂತು ಪಕ್ಕದ ಕಂಬದ ಜೊತೆ ಹೋಲಿಸಿ ನೋಡು. ಬಣ್ಣ ಬೇರೆ, ದಪ್ಪ ಬೇರೆ, ತಲೆಯ ಮೇಲಿನ ಕೆತ್ತನೆಯೂ ಬೇರೆ. ಹಳೆಯ ರೋಮನ್ ಕಟ್ಟಡಗಳಿಂದ, ಮುಸ್ಲಿಮರಿಗಿಂತ ಮೊದಲು ಅಲ್ಲಿ ಆಳಿದ ವಿಸಿಗಾಥರ ಕಟ್ಟಡಗಳಿಂದ ಎತ್ತಿ ತಂದ ಕಂಬಗಳು ಅವು. ಚಾವಣಿಗೆ ಬೇಕಾದ ಎತ್ತರ ಅವುಗಳಿಗೆ ಇರಲಿಲ್ಲ. ಅದಕ್ಕೇ ಕಮಾನಿನ ಮೇಲೆ ಇನ್ನೊಂದು ಕಮಾನು ಕಟ್ಟಿದರು. ಕೆಂಪು ಇಟ್ಟಿಗೆ ಒಂದು, ಬಿಳಿ ಕಲ್ಲು ಒಂದು, ಹೀಗೆ ಜೋಡಿಸಿದ್ದಾರೆ. ಕಷ್ಟಕ್ಕೆ ಹುಡುಕಿದ ಉಪಾಯವೇ ಆ ಜಾಗದ ಚೆಲುವಾಯಿತು.

1236ರಲ್ಲಿ ಊರು ಕ್ರೈಸ್ತ ರಾಜನ ಕೈ ಸೇರಿತು. ಹದಿನಾರನೇ ಶತಮಾನದಲ್ಲಿ, ಸ್ಪೇನಿನ ದೊರೆ ಐದನೇ ಕಾರ್ಲೋಸನ ಒಪ್ಪಿಗೆಯಿಂದ, ಮಸೀದಿಯ ನಟ್ಟನಡುವೆ ಒಂದು ದೊಡ್ಡ ಕೆಥೆಡ್ರಲ್ ಎದ್ದಿತು. ಇದನ್ನು ನೆನಪಿಟ್ಟುಕೋ, ಗ್ರನಾಡಾದಲ್ಲಿ ಬೇಕಾಗುತ್ತದೆ. ಅರ್ಧ ದಿನ ಮಿಕ್ಕರೆ ಊರಾಚೆಯ ಮೆದೀನಾ ಅಸಾರಾ ನೋಡಿ ಬಾ. ಹತ್ತನೇ ಶತಮಾನದಲ್ಲಿ ಕಟ್ಟಿದ ಅರಮನೆ-ನಗರ, ನೂರು ವರ್ಷ ತುಂಬುವ ಮೊದಲೇ ಒಳಜಗಳದಲ್ಲಿ ಹಾಳಾಯಿತು.

ಕೋರ್ಡೊಬಾದಿಂದ ಸೆವಿಲ್‌ಗೆ ಮುಕ್ಕಾಲು ಗಂಟೆ ಸಾಕು. ಅಲ್ಲಿ ಹಿರಾಲ್ದಾ ಗೋಪುರ ಹತ್ತು. ಮಂಡಿ ನೋವಿನ ನಿನ್ನ ದೊಡ್ಡಪ್ಪನೂ ಹತ್ತಿದರು! 1198ರಲ್ಲಿ ಮುಗಿದ ಮಿನಾರ್ ಅದು. ಒಳಗೆ ಮೆಟ್ಟಿಲ ಬದಲು ಇಳಿಜಾರು ದಾರಿ ಇದೆ. ಕುದುರೆ ಏರಿಯೇ ಮೇಲೆ ಹೋಗುತ್ತಿದ್ದರಂತೆ. ಮೇಲಿನ ಗಂಟೆಗೂಡು ಕ್ರೈಸ್ತರು ಆಮೇಲೆ ಸೇರಿಸಿದ್ದು.

ಆದರೆ ಜಾಸ್ತಿ ಹೊತ್ತು ಕೊಡಬೇಕಾದ್ದು ಅಲ್ಕಾಸರ್ ಅರಮನೆಗೆ. 1364ರಲ್ಲಿ ಪೇದ್ರೋ ಎಂಬ ಕ್ರೈಸ್ತ ರಾಜ ಅಲ್ಲಿ ತನ್ನ ಅರಮನೆ ಶುರು ಮಾಡಿದ. ಅದರ ಶೈಲಿ ಪೂರಾ ಮುಸ್ಲಿಮರದ್ದು. ಮುಂಬಾಗಿಲ ಮೇಲ್ಭಾಗದಲ್ಲಿ ನೀಲಿ ಹೆಂಚಿನ ಅರಬ್ಬಿ ಅಕ್ಷರ ಕಾಣುತ್ತವೆ. ದೇವರೊಬ್ಬನೇ ಜಯಶಾಲಿ ಅಂತ ಅರ್ಥ. ಅದು ಗ್ರನಾಡಾದ ಸುಲ್ತಾನರ ಘೋಷವಾಕ್ಯ! ಅಲ್ಲಿನ ಐದನೇ ಮುಹಮ್ಮದ್ ಪೇದ್ರೋನ ಮಿತ್ರ. ಧರ್ಮ ಬೇರೆ, ರಾಜ್ಯ ಬೇರೆ, ಆದರೂ ಮನೆ ಕಟ್ಟುವಾಗ ಗೆಳೆಯನದೇ ರುಚಿ. ನನಗೆ ಆ ಬಾಗಿಲ ಮುಂದೆ ಬಹಳ ಸಂತೋಷವಾಯಿತು ಪುಟ್ಟೀ.

ಇದಕ್ಕೇ ಗ್ರನಾಡಾ ಕೊನೆಗಿರಲಿ ಅಂದದ್ದು. ಅಲ್ಲಿನ ಸುಲ್ತಾನರ ಕೋಟೆ-ಅರಮನೆ ಅಲ್ಹಾಂಬ್ರಾದ ಗೋಡೆಗಳಲ್ಲಿ ಅದೇ ಸಾಲು ಮತ್ತೆ ಮತ್ತೆ ಕಾಣುತ್ತದೆ, ಆಗ ಪರಿಚಯದವರನ್ನು ಕಂಡ ಹಾಗೆ ಆಗುತ್ತದೆ. ಹನ್ನೆರಡು ಸಿಂಹಗಳ ಕಾರಂಜಿಯ ಅಂಗಳ ಕಟ್ಟಿಸಿದ್ದು ಅದೇ ಮುಹಮ್ಮದ್. ಪಕ್ಕದಲ್ಲೇ ದಪ್ಪ ಕಲ್ಲಿನ ಒಂದು ಅರಮನೆ ಇದೆ, ಒಳಗೆ ದುಂಡನೆಯ ಅಂಗಳ. ಯಾರದು ಗೊತ್ತಾ? ಕೋರ್ಡೊಬಾದಲ್ಲಿ ಒಪ್ಪಿಗೆ ಕೊಟ್ಟ ಕಾರ್ಲೋಸನದು. 1492ರಲ್ಲಿ ಕೊನೆಯ ಸುಲ್ತಾನ ಊರು ಒಪ್ಪಿಸಿ ಹೋದ ಮೇಲೆ ಕಟ್ಟಿಸಿದ್ದು. ನನಗೆ ಅದು ಅಲ್ಲಿ ಹೊಂದುವುದಿಲ್ಲ ಅನಿಸಿತು. ನೀನು ನೋಡಿ ಹೇಳು.

ಮೇಲಿನ ಹೆನೆರಾಲಿಫೆ ತೋಟಕ್ಕೆ ಹೋಗದೆ ಇಳಿಯಬೇಡ. ಅಲ್ಲಿ ಒಂದು ಮೆಟ್ಟಿಲ ಸಾಲಿದೆ. ಎರಡೂ ಬದಿಯ ಕೈಗೋಡೆಯ ಮೇಲೆ ಚಿಕ್ಕ ಕಾಲುವೆ, ಅದರಲ್ಲಿ ತಣ್ಣನೆ ನೀರು ಹರಿಯುತ್ತಿರುತ್ತದೆ. ಹಿಂದೆ ಡಾರೋ ಹೊಳೆಯ ನೀರನ್ನು ಕಾಲುವೆ ತೋಡಿ ಗುಡ್ಡಕ್ಕೆ ತಂದಿದ್ದರು.

ಅಲ್ಹಾಂಬ್ರಾ ಟಿಕೆಟ್ ಈಗಲೇ ತಗೋ. ಒಳಗಿನ ನಸ್ರಿದ್ ಅರಮನೆಗಳಿಗೆ (ನಸ್ರಿದ್ ಅಂದರೆ ಆ ಸುಲ್ತಾನರ ಮನೆತನ) ಒಳಹೋಗುವ ಹೊತ್ತು ಟಿಕೆಟಿನಲ್ಲೇ ಇರುತ್ತದೆ. ಆ ಹೊತ್ತು ಮೀರಿದರೆ ಬಿಡುವುದಿಲ್ಲ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹಾಕು, ಪಾಸ್‌ಪೋರ್ಟ್ ಜೊತೆಗಿರಲಿ. ಕೆಳಗೆ ಗ್ರನಾಡಾದ ಕೆಥೆಡ್ರಲ್ ಹತ್ತಿರ ಹೆಂಗಸರು ಒಂದು ರೋಸ್ಮರಿ ಕಡ್ಡಿ ಕೈಗೆ ತುರುಕಿ, ಹಸ್ತ ನೋಡಿ, ಆಮೇಲೆ ದುಡ್ಡು ಕೇಳುತ್ತಾರೆ. ಕೈ ಚಾಚದೆ ನಡೆದುಬಿಡು.

ಊಟದ ವಿಷಯ. ಮಾಂಸ ತಿನ್ನದವರಿಗೆ ಅಲ್ಲಿ ಸ್ವಲ್ಪ ತಾಪತ್ರಯ. ತರಕಾರಿಯ ಮೇಲೂ ಹಂದಿಮಾಂಸದ ಚೂರು ಉದುರಿಸುತ್ತಾರೆ. ‘ಸಿನ್ ಹಮೋನ್’, ಅಂದರೆ ಹಂದಿಮಾಂಸ ಬೇಡ, ಅಂತ ಮೊದಲೇ ಹೇಳು. ಸಾಲ್ಮೊರೆಹೊ ಎಂಬ ತಣ್ಣನೆಯ ಟೊಮೆಟೊ ಗೊಜ್ಜಿಗೂ ಈ ಮಾತು ಬೇಕು, ಅದರಲ್ಲಿ ಮೊಟ್ಟೆಯೂ ಇರುತ್ತದೆ. ಸೆವಿಲ್‌ನಲ್ಲಿ ಪಾಲಕ್, ಕಾಬೂಲಿ ಕಡಲೆ ಸೇರಿಸಿ ಜೀರಿಗೆ, ಬೆಳ್ಳುಳ್ಳಿ ಹಾಕಿ ಮಾಡುತ್ತಾರೆ. ನಿನಗೆ ಹಿಡಿಸುತ್ತದೆ. ರಾತ್ರಿ ಒಂಬತ್ತಕ್ಕೆ ಮೊದಲು ಸರಿಯಾದ ಊಟ ಸಿಗುವುದು ಕಷ್ಟ, ಬ್ಯಾಗಿನಲ್ಲಿ ಏನಾದರೂ ಇಟ್ಟುಕೋ.

ಅಲ್ಲಿನ ಇನ್ನೊಂದು ಊರು ರೋಂಡಾ, ಅದರ ಸೇತುವೆ ಚೆಂದವೇ. ಸುಮಾರು ನೂರು ಮೀಟರ್ ಆಳದ ಕಮರಿಯ ಮೇಲೆ 1793ರಲ್ಲಿ ಮುಗಿಸಿದ್ದು. ಆದರೆ ಒಂದು ದಿನ ಪೂರಾ ಬೇಕು. ಈ ಸಲ ಬಿಡು. ಗ್ರನಾಡಾದಿಂದ ಬಸ್ಸಿನಲ್ಲಿ ಸೀದಾ ಮಾಲಗಾಕ್ಕೆ ಬಂದು ವಿಮಾನ ಹತ್ತು.

ತಾರೀಕು ಗಟ್ಟಿಯಾದ ಕೂಡಲೇ ಬರೆ. ಒಬ್ಬಳೇ ಹೋಗುವ ವಿಷಯ ನಿನ್ನ ಅಮ್ಮನಿಗೆ ನಾನೇ ಹೇಳುತ್ತೇನೆ.

ನಿನ್ನ ದೊಡ್ಡಮ್ಮ